ದಿಲ್ಲಿಯಲ್ಲಿಯೂ ದಕ್ಷಿಣದಲ್ಲಿಯೂ ಕುದುರೆಯ ಬೆಲೆ

ದಿಲ್ಲಿಯ ಶಾಹಪುರ ಜಾಟ್ ಗ್ರಾಮದ ಬಳಿ ಅಲ್ಲಲ್ಲಿ ಕುಸಿದು ನಿಂತಿರುವ ಕಲ್ಲುಗೋಡೆಯನ್ನು ಈ ನಗರದಲ್ಲಿ ನೆಲಸಿರುವ ಕನ್ನಡಿಗರಲ್ಲಿ ಅನೇಕರು ಕಂಡಿರಬಹುದು. ಅದು ಅಲ್ಲಾಉದ್ದೀನ್ ಖಿಲ್ಜಿ ಕಟ್ಟಿಸಿದ ಸಿರಿ ಕೋಟೆಯ ಅವಶೇಷ. 1303ರಲ್ಲಿ ತರ್ಘಿಯೆಂಬ ಮಂಗೋಲ ನಾಯಕನು ದಿಲ್ಲಿಯನ್ನು ಮುತ್ತಿದಾಗ ಸುಲ್ತಾನನು ಸಿರಿಯ ಬಯಲಿನಲ್ಲಿ ಕಂದಕ ತೋಡಿಸಿಕೊಂಡು ದಿನಗಳನ್ನು ಎಣಿಸಬೇಕಾಯಿತು. ಆ ಭಯದಿಂದ ಎರಡು ಕಾರ್ಯಗಳು ಹುಟ್ಟಿದುವು. ಒಂದು ಈ ಕೋಟೆ. ಮತ್ತೊಂದು, ಪೇಟೆಯ ಬೆಲೆಗಳನ್ನು ಅರಸನ ಆಜ್ಞೆಯಿಂದಲೇ ಗೊತ್ತುಮಾಡಿದ ಕಟ್ಟಳೆ. ಗೋದಿ ಮಣಕ್ಕೆ ಏಳೂವರೆ ಜೀತಲ್, ಬಾರ್ಲಿ ನಾಲ್ಕು, ಅಕ್ಕಿ ಐದು ಎಂದು ಜಿಯಾಉದ್ದೀನ್ ಬರನಿ 1357ರ ಸುಮಾರಿಗೆ ಮುಗಿಸಿದ ತನ್ನ ಇತಿಹಾಸದಲ್ಲಿ ಬರೆದಿಟ್ಟಿರುವ ಪಟ್ಟಿ ಸುವಿದಿತವಾದುದು. ಆದರೆ ಅದೇ ಗ್ರಂಥದಲ್ಲಿ ಬರುವ ಕುದುರೆಗಳ ಬೆಲೆಯ ಕಡೆಗೆ ಸಾಮಾನ್ಯ ಓದುಗರ ಗಮನ ಅಷ್ಟಾಗಿ ಹರಿದಿಲ್ಲ. ಕನ್ನಡ ನಾಡಿನ ಚರಿತ್ರೆಗೆ ಸಂಬಂಧಪಟ್ಟದ್ದು ಗೋದಿಯ ಬೆಲೆಗಿಂತ ಈ ಬೆಲೆಯೇ.

ಬರನಿಯ ಪ್ರಕಾರ ಮೊದಲ ದರ್ಜೆಯ ಕುದುರೆಗೆ 100ರಿಂದ 120 ಟಂಕ, ಎರಡನೆಯದಕ್ಕೆ 80ರಿಂದ 90, ಮೂರನೆಯದಕ್ಕೆ 65ರಿಂದ 70. ಸೈನ್ಯಕ್ಕೆ ಸಲ್ಲದ ತಟ್ಟುವಿಗೆ 10ರಿಂದ 25 ಟಂಕ. ಟಂಕವೆಂದರೆ ಸುಮಾರು 11 ಗ್ರಾಂ ತೂಕದ ಬೆಳ್ಳಿಯ ನಾಣ್ಯ. ಈ ಅಂಕಿಗಳ ಹಿಂದಿನ ಲೆಕ್ಕ ಸರಳವಾದುದು. ಸವಾರನೊಬ್ಬನಿಗೆ ವರ್ಷಕ್ಕೆ 234 ಟಂಕ ಸಂಬಳ. ಎರಡನೆಯ ಕುದುರೆ ಇಟ್ಟವನಿಗೆ ಮತ್ತೆ 78. ಇಷ್ಟು ಸಂಬಳದಲ್ಲಿ ಸವಾರನು ಕುದುರೆಯನ್ನೂ ಕೊಂಡು ಸಂಸಾರವನ್ನೂ ಸಾಗಿಸಬೇಕಾದರೆ ಕುದುರೆಯ ಬೆಲೆ ಅವನ ಅರ್ಧ ವರ್ಷದ ಸಂಬಳವನ್ನು ಮೀರಕೂಡದು. 120ನ್ನು 234ರ ಪಕ್ಕದಲ್ಲಿಟ್ಟು ನೋಡಿದರೆ ಸುಲ್ತಾನನ ಮನಸ್ಸು ತಿಳಿಯುತ್ತದೆ. ಸಂಬಳವನ್ನು ಏರಿಸಿದರೆ ಬೊಕ್ಕಸ ಬರಿದಾಗುತ್ತದೆ. ಆದುದರಿಂದ ಬೆಲೆಯನ್ನೇ ಇಳಿಸಬೇಕು.

ಇಳಿಸಿದ ಬಗೆಯನ್ನೂ ಬರನಿ ವಿವರಿಸಿದ್ದಾನೆ. ಹಣವಂತ ವರ್ತಕರು ಪೇಟೆಯಲ್ಲಿ ಕುದುರೆಗಳನ್ನು ಒಟ್ಟಾಗಿ ಕೊಂಡು ಬಿಡಿಯಾಗಿ ಮಾರುವುದು ನಿಷಿದ್ಧವಾಯಿತು. ಇನ್ನೊಬ್ಬರ ಹೆಸರಿನಲ್ಲಿ ಕೊಳ್ಳುವುದಕ್ಕೂ ಅವರಿಗೆ ಅವಕಾಶವಿರಲಿಲ್ಲ. ಅನಂತರ ದಲ್ಲಾಳಿಗಳ ಸರದಿ. ಕೊಳ್ಳುವವನಿಂದಲೂ ಮಾರುವವನಿಂದಲೂ ಕೈಗಾಣಿಕೆ ಪಡೆದು ಇಬ್ಬರಿಗೂ ಮಾತು ಕೊಡುತ್ತಿದ್ದ ಈ ಜನರಲ್ಲಿ ಮುಖ್ಯರಾದವರನ್ನು ಹಿಡಿದು ದೂರದ ಕೋಟೆಗಳಿಗೆ ಅಟ್ಟಲಾಯಿತು. ನಲವತ್ತು ದಿನಗಳಿಗೋ ಎರಡು ತಿಂಗಳಿಗೋ ಒಮ್ಮೆ ಕುದುರೆಗಳನ್ನೂ ದಲ್ಲಾಳಿಗಳನ್ನೂ ಸುಲ್ತಾನನ ಮುಂದೆ ತಂದು ನಿಲ್ಲಿಸುತ್ತಿದ್ದರು. ಬೆಲೆ ಏರುವುದು ಸರಕಿನ ಕೊರತೆಯಿಂದಲ್ಲ, ನಡುವೆ ನಿಂತವನಿಂದ ಎಂಬುದು ಅಲ್ಲಾಉದ್ದೀನನ ನಂಬಿಕೆಯಾಗಿದ್ದಿತು. ಅದು ಅರ್ಧ ಸತ್ಯವೆಂಬುದು ಮುಂದೆ ಕಾಣಬರುತ್ತದೆ.

ಇದೇ ಕಾಲಕ್ಕೆ ದಕ್ಷಿಣ ಸಮುದ್ರದ ದಡದಲ್ಲಿ ನಡೆಯುತ್ತಿದ್ದ ವ್ಯಾಪಾರದ ರೀತಿಯೇ ಬೇರೆ. ಪಾಂಡ್ಯರ ಕರಾವಳಿಯಾದ ಮಾಬರಿಗೆ ಪಾರಸೀಕ ಕೊಲ್ಲಿಯ ಕೈಸ್ ದ್ವೀಪದಿಂದಲೂ ಹೊರ್ಮುಜಿನಿಂದಲೂ ಕುದುರೆಗಳು ಹಡಗಿನಲ್ಲಿ ಬರುತ್ತಿದ್ದುವು. ಪಾರಸೀಕ ಇತಿಹಾಸಕಾರನಾದ ವಸ್ಸಾಫನು ಒಂದೊಂದು ಕುದುರೆಗೆ 220 ಬಂಗಾರದ ದಿನಾರುಗಳಂತೆ ವರ್ಷಕ್ಕೆ 10,000 ಕುದುರೆಗಳು ಬರುತ್ತಿದ್ದುವೆಂದೂ, ದಾರಿಯಲ್ಲಿ ಸತ್ತ ಕುದುರೆಗೂ ಬೆಲೆ ತೆರಬೇಕಾಗಿತ್ತೆಂದೂ ಬರೆದಿದ್ದಾನೆ. 13ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಆ ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಹೇಳುವ ಬೆಲೆ ಇನ್ನೂ ಹೆಚ್ಚು; ಒಂದು ಕುದುರೆಗೆ ನೂರು ಮಾರ್ಕು ಬೆಳ್ಳಿಗೂ ಮಿಗಿಲು. ದಿನಾರಿನ ತೂಕವನ್ನು ಸುಮಾರು ನಾಲ್ಕೂಕಾಲು ಗ್ರಾಂ ಎಂದೂ, ದಿಲ್ಲಿಯ ವಾಡಿಕೆಯಂತೆ ಬಂಗಾರದ ಒಂದು ಟಂಕಕ್ಕೆ ಬೆಳ್ಳಿಯ ಹತ್ತು ಟಂಕಗಳೆಂದೂ ಹಿಡಿದರೆ, ವಸ್ಸಾಫನ ಬೆಲೆ 850 ಟಂಕಗಳಷ್ಟಾಗುತ್ತದೆ. ಪೋಲೊ ಹೇಳಿದ ಬೆಲೆ 2,000 ಟಂಕವನ್ನು ದಾಟುತ್ತದೆ. ದಿಲ್ಲಿಯಲ್ಲಿ 120, ಮಾಬರಿನಲ್ಲಿ 850. ಹೆಚ್ಚುಕಡಮೆ ಏಳು ಪಾಲು.

ಈ ಅಂತರವನ್ನು ಕಂಡೊಡನೆ ಕಾರಣ ಹೇಳಿಬಿಡುವ ಆತುರ ಸಹಜ. ಕಡಲ ದಾರಿ ಅಪಾಯದ್ದು, ದಕ್ಷಿಣದ ಹವೆ ಕುದುರೆಗೆ ಒಗ್ಗದು, ಅದರಿಂದ ಬೆಲೆ ಹೆಚ್ಚು ಎಂದು ಮುಗಿಸಿಬಿಡಬಹುದು. ಆದರೆ ಬೆಲೆಗಳನ್ನು ಹೋಲಿಸುವ ಮೊದಲು ಸರಕು ಒಂದೆಯೇ ಎಂದು ಕೇಳಬೇಡವೆ? ಇದಕ್ಕೆ ಉತ್ತರ ಇಬನ್ ಬತೂತನಲ್ಲಿ ದೊರೆಯುತ್ತದೆ.

1333ರಲ್ಲಿ ಸಿಂಧೂ ನದಿಯನ್ನು ತಲಪಿದ ಈ ಪ್ರವಾಸಿ ಅದಕ್ಕೆ ಮೊದಲು ಕಿಪ್ಚಾಕರ ಹುಲ್ಲುಗಾವಲು ನಾಡಿನಲ್ಲಿ ಸಂಚರಿಸಿದ್ದನು. ಅಲ್ಲಿ ಒಳ್ಳೆಯ ಕುದುರೆಯ ಬೆಲೆ ಐವತ್ತು ಅರವತ್ತು ದಿರ್ಹಮ್. ಎಂದರೆ ಅವನ ನಾಡಾದ ಮೊರೊಕ್ಕೊವಿನ ಒಂದು ದಿನಾರು. ಸಾವಿರಾರು ಕುದುರೆಗಳ ಹಿಂಡು ಅಲ್ಲಿಂದ ಹೊರಡುತ್ತಿತ್ತು. ಒಬ್ಬೊಬ್ಬ ವರ್ತಕನವು ನೂರೋ ಇನ್ನೂರೋ, ಐವತ್ತಕ್ಕೊಬ್ಬ ಕಾವಲುಗಾರ. ಹುಲ್ಲುಗಾವಲು ಮುಗಿದು ಸಿಂಧ್ ಪ್ರಾಂತ ಬಂದೊಡನೆ ಮೇವನ್ನು ಹಣ ಕೊಟ್ಟು ಕೊಳ್ಳಬೇಕು. ಹಲವು ಸಾಯುತ್ತವೆ, ಹಲವು ಕಳುವಾಗುತ್ತವೆ. ಸಿಂಧಿನಲ್ಲಿ ಕುದುರೆಯೊಂದಕ್ಕೆ ಏಳು ಬೆಳ್ಳಿಯ ದಿನಾರು ಸುಂಕ. ಮುಲ್ತಾನದಲ್ಲಿ ಮತ್ತೆ ಸುಂಕ. ಮೊದಲು ಸರಕಿನ ನಾಲ್ಕನೆಯ ಒಂದು ಪಾಲನ್ನೇ ಕಿತ್ತುಕೊಳ್ಳುತ್ತಿದ್ದರು. ಮಹಮ್ಮದ್ ಬಿನ್ ತುಘಲಕನು ಅದನ್ನು ನಿಲ್ಲಿಸಿದ್ದನು. ಇಷ್ಟೆಲ್ಲ ಆದ ಮೇಲೆ ತೀರ ಸಾಧಾರಣವಾದ ಕುದುರೆ 100 ಬೆಳ್ಳಿಯ ದಿನಾರಿಗೆ, ಎಂದರೆ ಮೊರೊಕ್ಕೊವಿನ 25 ದಿನಾರಿಗೆ, ಮಾರಾಟವಾಗುತ್ತಿತ್ತು. ಅವನು ಬೆಳ್ಳಿಯ ದಿನಾರೆಂದು ಕರೆಯುವುದು ದಿಲ್ಲಿಯ ಟಂಕವನ್ನೇ. ಒಳ್ಳೆಯ ಕುದುರೆಗೆ 500, ಅದಕ್ಕೂ ಹೆಚ್ಚು. ಹೊರಟ ಕಡೆ ಒಂದು, ಬಂದ ಕಡೆ ಇಪ್ಪತ್ತೈದು. ನಡುವಣ ಸಾವು, ಕಳವು, ಸುಂಕ, ಮೇವುಗಳೆಲ್ಲ ಕಳೆದ ಮೇಲೆಯೂ ವರ್ತಕನಿಗೆ ದೊಡ್ಡ ಲಾಭವೇ ಉಳಿಯುತ್ತಿತ್ತೆಂದು ಬತೂತನು ಹೇಳುತ್ತಾನೆ.

ಮುಖ್ಯವಾದ ಮಾತು ಇದರ ಅನಂತರ ಬರುತ್ತದೆ. ಈ ಹುಲ್ಲುಗಾವಲಿನ ಕುದುರೆಗಳನ್ನು ಜನ ಕೊಳ್ಳುತ್ತಿದ್ದುದು ಓಟಕ್ಕಲ್ಲ, ಬಲಕ್ಕಾಗಿ. ಓಟದ ಕುದುರೆ ಬೇಕಾದರೆ ಯೆಮೆನ್, ಒಮಾನ್, ಫಾರ್ಸ್ ದೇಶಗಳಿಂದ ಬರಬೇಕು; ಅದರ ಬೆಲೆ 1,000ದಿಂದ 4,000 ದಿನಾರುಗಳವರೆಗೆ. ಅಂದ ಮೇಲೆ ಅರಬಿ ಕುದುರೆ ಈ ದೇಶದ ಉತ್ತರದಲ್ಲಿಯೂ ಅಗ್ಗವಾಗಿರಲಿಲ್ಲ. ಮಾಬರಿನ ಬೆಲೆಗೆ ಸರಿಯಾಗಿ, ಕೆಲವೊಮ್ಮೆ ಅದಕ್ಕೂ ಮೇಲಾಗಿ ಇದ್ದಿತು. ಏಳು ಪಾಲಿನ ಅಂತರವು ಬಹುಮಟ್ಟಿಗೆ ಎರಡು ಬೇರೆ ಬೇರೆ ಸರಕುಗಳ ಅಂತರ. ಉತ್ತರಕ್ಕೆ ಎರಡನೆಯ ಬಗೆಯ ಕುದುರೆ ದೊರಕುತ್ತಿತ್ತು, ದಕ್ಷಿಣಕ್ಕೆ ದೊರಕುತ್ತಿರಲಿಲ್ಲ. ಪಂಜಾಬಿನ ಸುನಾಮ್, ಸಮಾನಾ, ಥಾನೇಸರಗಳ ಸೀಮೆಯಲ್ಲಿ ಒಳ್ಳೆಯ ಕುದುರೆಗಳು ಹುಟ್ಟುತ್ತವೆ, ಮಂಗೋಲರ ನಾಡಿನಿಂದ ತರಿಸಬೇಕಾದ ಅಗತ್ಯವಿಲ್ಲ ಎಂಬ ಅಭಿಪ್ರಾಯ ಬಲ್ಬನನ ಆಳ್ವಿಕೆಯ ಪ್ರಸಂಗದಲ್ಲಿ ಬರನಿಯಲ್ಲಿಯೇ ಬರುತ್ತದೆ. ಮನೆಯ ಹಿತ್ತಿಲಲ್ಲಿ ಕುದುರೆ ಇದ್ದವನು ಬಾಗಿಲಿಗೆ ಬಂದ ವರ್ತಕನಿಗೆ ‘ನಾಳೆ ಬಾ’ ಎನ್ನಬಲ್ಲನು. ಅಲ್ಲಾಉದ್ದೀನನ ಆಜ್ಞೆ ನಡೆದುದಕ್ಕೆ ದಲ್ಲಾಳಿಗಳ ಗಡೀಪಾರು ಎಷ್ಟು ಕಾರಣವೋ ಇದೂ ಅಷ್ಟೇ ಕಾರಣವೆನ್ನಬೇಕು. ಆಜ್ಞೆಯ ಪಾಲೂ ಇತ್ತೆಂಬುದನ್ನು ಮಾತ್ರ ಅಲ್ಲಗಳೆಯಲಾಗದು. 1316ರಲ್ಲಿ ಅವನು ತೀರಿಕೊಂಡ ಮೇಲೆ ಮಗ ಮುಬಾರಕನ ಕಾಲದಲ್ಲಿ ಕಟ್ಟಳೆಗಳು ಸಡಿಲವಾಗಿ ಬೆಲೆಗಳು ಏರಿದುವು. ಎರಡು ದಶಕ ಕಳೆಯುವುದರೊಳಗೆ ಉತ್ತಮ ಕುದುರೆಗೆ 120ರ ಬದಲು 500 ಟಂಕವನ್ನು ಬತೂತನು ಕಂಡನು.

ದಕ್ಷಿಣದ ಅರಸರಿಗೆ ‘ನಾಳೆ ಬಾ’ ಎನ್ನುವ ಸ್ವಾತಂತ್ರ್ಯವಿರಲಿಲ್ಲ. ಹೊಯ್ಸಳರ ಕಾಲದ ಅರಸೀಕೆರೆಯ ಶಾಸನವೊಂದು ಕಮ್ಮಟದ ಚಟ್ಟಿಸೆಟ್ಟಿಯೆಂಬ ವರ್ತಕನು ಹಡಗುಗಳಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದುದನ್ನು ಹೊಗಳುತ್ತದೆ. ಬಂದ ಕುದುರೆ ಬಹುಕಾಲ ಬಾಳುತ್ತಿರಲಿಲ್ಲ. ಸಾವಿರಗಟ್ಟಲೆ ಕೊಂಡ ಕುದುರೆಗಳಲ್ಲಿ ವರ್ಷದ ಕೊನೆಗೆ ನೂರೂ ಉಳಿಯುತ್ತಿರಲಿಲ್ಲವೆಂದು ಪೋಲೊ ಬರೆಯುತ್ತಾನೆ. ಬೇಯಿಸಿದ ಅನ್ನ, ಮಾಂಸಗಳನ್ನು ತಿನ್ನಿಸುತ್ತಿದ್ದರಂತೆ. ಕುದುರೆಯ ವೈದ್ಯ ಬಲ್ಲವರೂ ಇರಲಿಲ್ಲವಂತೆ. ಅಂಥವರು ಇತ್ತ ಬಾರದಂತೆ ಹೊರ್ಮುಜ್, ಏಡನ್ ಮೊದಲಾದ ಕಡೆಯ ವರ್ತಕರೇ ತಡೆಯುತ್ತಿದ್ದರೆಂದೂ ಅವನು ಸೇರಿಸುತ್ತಾನೆ. ಪ್ರವಾಸಿಗಳ ಇಂಥ ಮಾತುಗಳಲ್ಲಿ ಉತ್ಪ್ರೇಕ್ಷೆ ಇರುವುದುಂಟು. ಆದರೂ ವರ್ತಕನ ದೃಷ್ಟಿಯಿಂದ ನೋಡಿದರೆ ಮಾತು ಅಸಂಬದ್ಧವಲ್ಲ: ಕುದುರೆ ಸತ್ತಷ್ಟೂ ಮಾರಾಟ ಹೆಚ್ಚು.

ಹೀಗೆ ಬಂಗಾರ ಸುರಿದು ಕೊಂಡ ಕುದುರೆಗಳಿಗೆ ಬೆಲೆಯೇ ಇಲ್ಲದೆ ಹೋದ ಸಂದರ್ಭವೂ ಒಂದುಂಟು. 1311ರ ಮೊದಲ ತಿಂಗಳುಗಳಲ್ಲಿ ಮಲಿಕ್ ಕಾಫೂರನು ದೋರಸಮುದ್ರವನ್ನು ಮುತ್ತಿ, ಮೂರನೆಯ ಬಲ್ಲಾಳನಿಂದ ಆನೆ ಕುದುರೆಗಳನ್ನು ಪಡೆದು, ಅಲ್ಲಿಂದ ಮಾಬರಿಗೆ ಇಳಿದನು. ಅದೇ ವರ್ಷ ಅಕ್ಟೋಬರಿನಲ್ಲಿ ಲೂಟಿಯೊಡನೆ ಸಿರಿಗೆ ಹಿಂದಿರುಗಿದನು. ಆ ಕುದುರೆಗಳ ಸಂಖ್ಯೆ ಅಮೀರ್ ಖುಸ್ರೋವಿನ ಲೆಕ್ಕದಲ್ಲಿ 5,000. ಬರನಿಯ ಲೆಕ್ಕದಲ್ಲಿ 20,000. ಖುಸ್ರೋ ಅದೇ ಕಾಲದಲ್ಲಿ ಬರೆದವನು, ಬರನಿ ಮುಪ್ಪಿನಲ್ಲಿ ನೆನೆದು ಬರೆದವನು. ಆದುದರಿಂದ ಮೊದಲನೆಯವನ ಮಾತೇ ಗ್ರಾಹ್ಯವೆಂದು ತೋರುತ್ತದೆ. 5,000 ಎಂದು ಹಿಡಿದು ವಸ್ಸಾಫನ ಬೆಲೆಯಲ್ಲಿ ಗುಣಿಸಿದರೆ 11 ಲಕ್ಷ ದಿನಾರುಗಳಾಗುತ್ತವೆ. ಇಷ್ಟನ್ನು ಸಿರಿಯ ಸುಲ್ತಾನನು ಒಂದು ಜೀತಲನ್ನೂ ಕೊಡದೆ ಪಡೆದನು.

ಈ ದಂಡಯಾತ್ರೆಗಳ ಫಲವಾಗಿ ದಕ್ಷಿಣದ ರಾಜಕೀಯದ ನಕ್ಷೆಯೇ ಬದಲಾಯಿತು. 14ನೆಯ ಶತಮಾನದ ನಡುಭಾಗದ ಹೊತ್ತಿಗೆ ಕೃಷ್ಣೆಯ ಎರಡು ಮಗ್ಗುಲುಗಳಲ್ಲಿ ವಿಜಯನಗರವೂ ಬಹಮನಿ ರಾಜ್ಯವೂ ಎದುರುಬದುರಾಗಿ ನಿಂತವು. ಎರಡಕ್ಕೂ ಬೇಕಾದುದು ಅದೇ ಅರಬಿ ಕುದುರೆ. ಅದು ಬರುತ್ತಿದ್ದುದು ಅದೇ ಪಡುಗಡಲಿನ ಮೇಲೆ. ಬಹಮನಿ ರಾಜ್ಯದ ಕಡೆಯ ಚಿತ್ರವನ್ನು ರಷ್ಯದ ಅಫನಾಸಿ ನಿಕಿತಿನ್ ಬಿಟ್ಟುಹೋಗಿದ್ದಾನೆ. 1469ರ ಸುಮಾರಿಗೆ ಅವನು ನೂರು ರೂಬಲ್ ಬೆಲೆಯ ಒಂದೇ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ಚೌಲ ಬಂದರಿಗೆ ತಂದನು. ಪಾಪ, ಜುನ್ನರಿನಲ್ಲಿ ಅಲ್ಲಿಯ ಖಾನನು ಅದನ್ನು ಕಿತ್ತುಕೊಂಡು, ಮತಾಂತರ ಹೊಂದಿದರೆ ಕುದುರೆಯನ್ನೂ ಸಾವಿರ ಬಂಗಾರದ ನಾಣ್ಯಗಳನ್ನೂ ಕೊಡುವೆನೆಂದನು. ಹಿತೈಷಿಯೊಬ್ಬನ ಮಧ್ಯಸ್ಥಿಕೆಯಿಂದ ಬಿಡುಗಡೆ ಹೊಂದಿ, ಬೀದರಕ್ಕೆ ಬಂದು, ಕೊನೆಗೆ ಅಲ್ಲಿ ಅದನ್ನು ಮಾರಿದನು. ಬೀದರದಿಂದ ಹನ್ನೆರಡು ಹರದಾರಿ ದೂರದಲ್ಲಿ ಶೇಖ್ ಅಲ್ಲಾಉದ್ದೀನನ ಹೆಸರಿನ ಜಾತ್ರೆಯೊಂದು ಹತ್ತು ದಿನ ನಡೆಯುವುದೆಂದೂ, ಅಲ್ಲಿಗೆ 20,000ದಷ್ಟು ಕುದುರೆಗಳು ಮಾರಾಟಕ್ಕೆ ಬರುವುವೆಂದೂ ಅವನು ಬರೆದಿದ್ದಾನೆ. ಕಲಬುರಗಿ ಜಿಲ್ಲೆಯ ಆಳಂದವೇ ಆ ಸ್ಥಳ. ಲಾಡ್ಲೆ ಮಶಾಯಕರ ದರ್ಗಾ ಇಂದಿಗೂ ಅಲ್ಲಿದೆ.

ವಿಜಯನಗರದ ಕಡೆಯ ಸಾಕ್ಷಿ ನೂನಿಜ್. ಈ ಪೋರ್ತುಗೀಜನು ಸ್ವತಃ ಕುದುರೆ ವ್ಯಾಪಾರಿ. ಆದುದರಿಂದ ಬೆಲೆಯ ವಿಷಯದಲ್ಲಿ ಅವನ ಮಾತಿಗೆ ತೂಕ ಹೆಚ್ಚು. ಸಾಳುವ ನರಸಿಂಹನು ಹೊರ್ಮುಜ್, ಏಡನ್‌ಗಳಿಂದ ಕುದುರೆಗಳನ್ನು ತರಿಸಿ, ವರ್ತಕರು ಕೇಳಿದಷ್ಟು ಕೊಡುತ್ತಿದ್ದನಂತೆ. ಸಾವಿರ ಪರ್ದಾವಿಗೆ, ಎಂದರೆ ಸಾವಿರ ವರಹಕ್ಕೆ, ಮೂರು ಕುದುರೆ; ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಕಡಲಿನಲ್ಲಿ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೆ ಪೂರ್ತಿ ಬೆಲೆ ಸಲ್ಲುತ್ತಿತ್ತು.

ಈ ಬಾಲದ ಕಥೆಯನ್ನು ನಗೆಯ ಪ್ರಸಂಗವಾಗಿ ಹೇಳುವುದು ವಾಡಿಕೆ. ಲೆಕ್ಕ ಬಲ್ಲವರಿಗೆ ಅದು ನಗುವ ವಿಷಯವಲ್ಲ. ಕಡಲಿನ ನಷ್ಟದ ಹೊಣೆ ಮಾರುವವನ ಮೇಲಿದ್ದರೆ ಆ ನಷ್ಟವನ್ನು ಅವನು ಬೆಲೆಗೆ ಸೇರಿಸುತ್ತಾನೆ, ಅದು ನ್ಯಾಯ. ಹೊಣೆಯನ್ನು ಕೊಳ್ಳುವವನೇ ಹೊತ್ತರೆ ಬೆಲೆ ಅಷ್ಟರಮಟ್ಟಿಗೆ ಇಳಿಯಬೇಕು. ಇಲ್ಲಿ ಹೊಣೆಯೂ ಅರಸನದು, ಏರಿದ ಬೆಲೆಯೂ ಅರಸನದು. ಒಂದು ಕುದುರೆಗೆ 333 ವರಹ. ವರಹವೊಂದಕ್ಕೆ ಸುಮಾರು 3.4 ಗ್ರಾಂನಂತೆ ಒಂದು ಕಿಲೋಗ್ರಾಂ ಮೀರಿದ ಬಂಗಾರ. ಇನ್ನೂರು ವರ್ಷಗಳ ಹಿಂದೆ ವಸ್ಸಾಫನು ಹೇಳಿದ 220 ದಿನಾರುಗಳ ತೂಕವೂ ಒಂದು ಕಿಲೋಗ್ರಾಂಗೆ ತುಸು ಕಡಮೆ. ಆಗಲೂ ಸತ್ತ ಕುದುರೆಯ ಬೆಲೆ ಅರಸನ ಮೇಲೆಯೇ. ರಾಜವಂಶಗಳು ಅಳಿದುವು, ಕರಾವಳಿ ಬದಲಾಯಿತು. ಕರಾರು ಮಾತ್ರ ಹೆಚ್ಚು ಬದಲಾಗಲಿಲ್ಲ. ಅರಸನು ಇಂಥ ಕರಾರಿಗೆ ಒಪ್ಪಿದುದು ಅವಿವೇಕದಿಂದ ಎನ್ನಲಾಗದು. ತಾನು ಬೇಡವೆಂದ ಕುದುರೆ ಸಮುದ್ರಕ್ಕೆ ಹಿಂದಿರುಗುವುದಿಲ್ಲ, ಶತ್ರುವಿನ ಲಾಯಕ್ಕೆ ಹೋಗುತ್ತದೆ ಎಂಬುದು ಅವನಿಗೆ ತಿಳಿದಿತ್ತು. ಅವನು ತೆತ್ತುದರಲ್ಲಿ ಕುದುರೆಯ ಬೆಲೆ ಒಂದು ಪಾಲು. ಅದು ನೆರೆಯವನಿಗೆ ದೊರಕದಂತೆ ಮಾಡುವ ಬೆಲೆ ಮತ್ತೊಂದು ಪಾಲು.

ಇದು ಇಂದಿನವರ ಊಹೆಯಲ್ಲ. ಕೃಷ್ಣದೇವರಾಯನೇ ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದ ರಾಜನೀತಿಯ ಭಾಗದಲ್ಲಿ, ಆನೆ ಕುದುರೆಗಳನ್ನು ತರುವ ದೂರದೇಶದ ವರ್ತಕರಿಗೆ ದರ್ಶನವನ್ನೂ ಮನ್ನಣೆಯನ್ನೂ ಒಳ್ಳೆಯ ಲಾಭವನ್ನೂ ಕೊಟ್ಟು, ಆ ಸರಕು ಶತ್ರುಗಳ ಕೈ ಸೇರದಂತೆ ನೋಡಿಕೊಳ್ಳಬೇಕೆಂದು ಉಪದೇಶಿಸಿದ್ದಾನೆ. ಅದೇ ಕಾರಣ ರಕ್ತಪಾತಕ್ಕೂ ದಾರಿಯಾದುದುಂಟು. ಭಟ್ಕಳದ ಮುಸ್ಲಿಂ ವರ್ತಕರು ಬಹಮನಿಗಳಿಗೆ ಕುದುರೆ ಮಾರಿದರೆಂಬ ಕೋಪದಿಂದ 15ನೆಯ ಶತಮಾನದ ಉತ್ತರಾರ್ಧದಲ್ಲಿ ವಿಜಯನಗರದ ಅರಸನ ಅಪ್ಪಣೆಯಂತೆ ಅವರ ಕೊಲೆ ನಡೆಯಿತೆಂದೂ, ಉಳಿದವರು ಗೋವೆಗೆ ಓಡಿಹೋದರೆಂದೂ ಪೋರ್ತುಗೀಜ ಇತಿಹಾಸಕಾರ ಬರೋಸ್ ದಾಖಲಿಸಿದ್ದಾನೆ.

1510ರಲ್ಲಿ ಗೋವೆಯನ್ನು ಹಿಡಿದ ಆಲ್ಬುಕರ್ಕನಿಗೆ ಈ ಗುಟ್ಟು ಬಹುಬೇಗ ತಿಳಿಯಿತು. ಬಂದರು ಒಂದು, ಮಾರುವವನು ಒಬ್ಬ, ಕೊಳ್ಳಲು ಹಾತೊರೆಯುವವರು ಇಬ್ಬರು. 1514ರಲ್ಲಿ ಕೃಷ್ಣದೇವರಾಯನು ಎಲ್ಲ ಕುದುರೆಗಳೂ ತನಗೇ ಸಲ್ಲಬೇಕೆಂದು ಭಾರಿ ಹಣವನ್ನು ಮುಂದಿಟ್ಟಾಗ ಅವನು ಒಪ್ಪಲಿಲ್ಲ. ಯುದ್ಧ ಸಮೀಪಿಸಿ ಕೋರಿಕೆ ಮತ್ತೆ ಬಂದಿತು. ಬಿಜಾಪುರದ ಆದಿಲ್ ಶಾಹನಿಂದಲೂ ಪತ್ರ ಬಂದಿತು. ವಿಜಯನಗರಕ್ಕೆ ಹೋದ ಉತ್ತರ: ವರ್ಷಕ್ಕೆ 30,000 ಕ್ರುಜಾಡೊ ಕೊಟ್ಟರೆ ಎಲ್ಲ ಕುದುರೆಗಳೂ ನಿಮಗೆ. ಬಿಜಾಪುರಕ್ಕೆ ಹೋದ ಉತ್ತರ: ಗೋವೆಯ ದ್ವೀಪದ ಎದುರಿನ ನೆಲವನ್ನು ಬಿಟ್ಟುಕೊಟ್ಟರೆ ಎಲ್ಲ ಕುದುರೆಗಳೂ ನಿಮಗೆ. ಒಂದೇ ಲಾಯದ ಕುದುರೆಗೆ ಒಬ್ಬನಿಂದ ಹಣ, ಇನ್ನೊಬ್ಬನಿಂದ ಭೂಮಿ. ವ್ಯವಹಾರ ಕುದುರುವ ಮೊದಲೇ, 1515ರ ಡಿಸೆಂಬರಿನಲ್ಲಿ, ಆಲ್ಬುಕರ್ಕನು ತೀರಿಕೊಂಡನು. ಕುದುರೆಯೊಂದಕ್ಕೆ ಗೋವೆಯಲ್ಲಿ 40 ಪರ್ದಾವ್ ಸುಂಕ ಕಟ್ಟಬೇಕಾಗುತ್ತಿತ್ತು. ಸಿಂಧಿನಲ್ಲಿ ಬತೂತನು ಕಂಡ ಏಳು ಟಂಕದ ಸುಂಕ ಇದರ ಮುಂದೆ ಏನೂ ಅಲ್ಲ.

ಕೃಷ್ಣದೇವರಾಯನು ಈ ಹೊರೆಯನ್ನು ತಾನೇ ಹೊರಲಿಲ್ಲವೆಂಬುದು ನೂನಿಜನ ಬರಹದಲ್ಲಿ ಬರುವ ಮತ್ತೊಂದು ಸೋಜಿಗ. ರಾಯನು ಹೊರ್ಮುಜಿನ ಕುದುರೆಗಳನ್ನೂ ನಾಡಕುದುರೆಗಳನ್ನೂ ಸೇರಿಸಿ ವರ್ಷಕ್ಕೆ 13,000 ಕೊಳ್ಳುತ್ತಿದ್ದನು. ಉತ್ತಮವಾದುವನ್ನು ತನ್ನ ಲಾಯಕ್ಕೆ ಉಳಿಸಿಕೊಂಡು, ನಾಡಕುದುರೆಗಳನ್ನು ಸಾವಿರ ಪರ್ದಾವಿಗೆ ಐದರಂತೆ ತನ್ನ ನಾಯಕರಿಗೆ ಮಾರುತ್ತಿದ್ದನು. ಸೆಪ್ಟೆಂಬರ್ ತಿಂಗಳೊಳಗೆ ಹಣ ಸಲ್ಲಬೇಕು. ಆ ಹಣದಿಂದ ಪೋರ್ತುಗೀಜರ ಅರಬಿ ಕುದುರೆಗಳ ಬೆಲೆ ತೀರುತ್ತಿತ್ತು. ಬೊಕ್ಕಸದಿಂದ ಒಂದು ಕಾಸೂ ಹೊರಬೀಳುತ್ತಿರಲಿಲ್ಲ. ನಾಡಕುದುರೆಗೆ ತಲಾ 200 ವರಹವೆಂದರೆ ಪೇಟೆಯಲ್ಲಿ ಹುಟ್ಟಿದ ಬೆಲೆಯಲ್ಲವೆಂಬುದು ಸ್ಪಷ್ಟ. ಬೇಡವೆನ್ನಲಾರದ ನಾಯಕನಿಗೆ ಒಡೆಯನು ಕಟ್ಟಿದ ಬೆಲೆ ಅದು. ಹೆಸರು ಬೆಲೆ, ನಿಜವಾಗಿ ಕಪ್ಪ. ನಾಯಕರು ಅದನ್ನು ರೈತರಿಂದಲ್ಲದೆ ಮತ್ತೆಲ್ಲಿಂದ ತಂದಾರು? ಸಿರಿಯ ಸುಲ್ತಾನನು ಸವಾರನ ಸಂಬಳಕ್ಕೆ ತಕ್ಕಂತೆ ಬೆಲೆಯನ್ನು ಇಳಿಸಿದನು; ಹಂಪೆಯ ರಾಯನು ಬೆಲೆಯನ್ನು ಏರಿಸಿ ನಾಯಕರ ಮೇಲೆ ಹೊರಿಸಿದನು. ಇಬ್ಬರೂ ಪೇಟೆಯಲ್ಲಿ ಕೈಯಾಡಿಸಿದವರೇ. ಮೊದಲನೆಯವನಿಗೆ ವರ್ತಕನ ಮೇಲೆ ಅಧಿಕಾರವಿತ್ತು. ಎರಡನೆಯವನಿಗೆ ಇದ್ದುದು ತನ್ನ ಜನರ ಮೇಲೆ ಮಾತ್ರ.

1547ರ ಸೆಪ್ಟೆಂಬರಿನಲ್ಲಿ ಸದಾಶಿವರಾಯನ ಆಳ್ವಿಕೆಯಲ್ಲಿ ವಿಜಯನಗರಕ್ಕೂ ಗೋವೆಯ ಗವರ್ನರ್ ಜೊಆಂವ್ ದ ಕಾಸ್ತ್ರೊವಿಗೂ ಒಪ್ಪಂದವಾಗಿ, ಗೋವೆಗೆ ಬಂದ ಕುದುರೆಗಳೆಲ್ಲ ವಿಜಯನಗರಕ್ಕೇ ಸಲ್ಲತಕ್ಕದ್ದು, ಬಿಜಾಪುರಕ್ಕೆ ಹೋಗಕೂಡದು ಎಂದು ಗೊತ್ತಾಯಿತು. ಹಿಂದಿನವರು ಬಯಸಿದುದು ಕೊನೆಗೂ ಕಾಗದದ ಮೇಲೆ ಕೈಗೂಡಿತು. ಆದರೆ ಹದಿನೆಂಟು ವರ್ಷಗಳಲ್ಲಿ, 1565ರ ಜನವರಿಯಲ್ಲಿ, ರಕ್ಕಸತಂಗಡಿಯ ಕಾಳಗ ನಡೆದು ಹಂಪೆ ಹಾಳಾಯಿತು. ಹೊರ್ಮುಜ್ ಇದ್ದಲ್ಲೇ ಇತ್ತು, ಹಡಗುಗಳೂ ಇದ್ದುವು, ಕಡಲ ದಾರಿ ಒಂದು ಹರದಾರಿಯೂ ಹೆಚ್ಚು ಕಡಮೆಯಾಗಲಿಲ್ಲ. ಪೈಪೋಟಿಯಿಂದ ಕೊಳ್ಳುತ್ತಿದ್ದ ಇಬ್ಬರಲ್ಲಿ ಒಬ್ಬನು ಇಲ್ಲವಾದನು, ಅಷ್ಟೆ. ಇಪ್ಪತ್ತು ವರ್ಷಗಳ ಬಳಿಕ ಕೊಚ್ಚಿ, ಗೋವೆಗಳಲ್ಲಿದ್ದ ಫ್ಲಾರೆನ್ಸಿನ ವರ್ತಕ ಸಸ್ಸೆತ್ತಿ ತನ್ನ ಪತ್ರದಲ್ಲಿ ಬರೆದಿರುವ ಪ್ರಕಾರ, ಆ ಕಾಲದಲ್ಲಿ ಕುದುರೆ ಸುಂಕದಿಂದಲೇ ಗೋವೆಯ ಸುಂಕದ ಕಟ್ಟೆಗೆ 1,20,000ದಿಂದ 1,50,000 ಡುಕಾಟುಗಳು ಬರುತ್ತಿದ್ದುವು. ಅವನು ಬರೆಯುವ ಹೊತ್ತಿಗೆ ಬರುತ್ತಿದ್ದುದು 6,000.